ನಡೆದು ಹಾಡುವ ಪದ

'ಸೋಜುಗಾದ ಸೂಜುಮಲ್ಲಿಗೆ' ಇವತ್ತು ಕನ್ನಡದಲ್ಲಿ ಅತಿ ಹೆಚ್ಚು ಕೇಳಿಸುವ ಜನಪದ ಹಾಡುಗಳಲ್ಲಿ ಒಂದು. ಮದುವೆಯ ವಿಡಿಯೊಗಳಲ್ಲಿದೆ, ಕಾಲೇಜು ದಿನಾಚರಣೆಯಲ್ಲಿದೆ, ಬೆಂಗಳೂರಿನ ಕೆಫೆಗಳಲ್ಲಿ ಗಿಟಾರು ಹಿಡಿದ ಹುಡುಗರ ಬಾಯಲ್ಲಿದೆ. ಕೇಳಿದವರು ಕಣ್ಣು ಮುಚ್ಚುತ್ತಾರೆ, 'ಎಷ್ಟು ಹಿತವಾಗಿದೆ' ಅನ್ನುತ್ತಾರೆ. ಈ 'ಹಿತ' ಅನ್ನುವ ಮಾತೇ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಹಾಡು ಹಿತವಾಗಿರುವುದು ನಿಜ. ಆದರೆ ಹಿತವಾಗಿದೆ ಎಂದು ಒಪ್ಪಿಕೊಂಡ ಮೇಲೆ ಅದರೊಳಗೆ ಏನಿದೆ ಎಂದು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಐದಾರು ನುಡಿಗಳ ಈ ಪುಟ್ಟ ಹಾಡಿನಲ್ಲಿ ಒಂದು ಮನೆ ಬಿಟ್ಟು ಹೊರಡುವುದಿದೆ, ಒಂದು ದಾರಿಯಿದೆ, ಒಂದು ಕಣಿವೆಯಿದೆ, ಕೊನೆಗೆ ಒಂದು ಜನಸಾಗರವಿದೆ. ಇದನ್ನು ಕವಿತೆಯಂತೆ ಓದಿ ನೋಡಬೇಕೆಂಬುದು ಈ ಬರಹದ ಆಸೆ.

ನಾನು ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಕಡೆಯವಳು. ಹುಟ್ಟಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಈ ಹಾಡನ್ನು ಯಾವಾಗ ಮೊದಲು ಕೇಳಿದೆ ಎಂದು ಹೇಳಲು ಬರುವುದಿಲ್ಲ, ಮಾತು ಯಾವಾಗ ಕಲಿತೆ ಎಂದು ಹೇಳಲು ಬಾರದ ಹಾಗೆ. ಅಜ್ಜಿ ಹಾಡುತ್ತಿದ್ದಳು, ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವ ಟೆಂಪೊಗಳ ಕ್ಯಾಸೆಟ್ಟು ಹಾಡುತ್ತಿತ್ತು, ಕಂಸಾಳೆಯವರು ಬಂದರೆ ಅವರೂ ಹಾಡುತ್ತಿದ್ದರು. ಶಾಲೆಯ ಪ್ರತಿಭಾ ಕಾರಂಜಿಗೆ ಇದನ್ನೇ ಹಾಡುತ್ತೇನೆ ಎಂದು ಹಟ ಹಿಡಿದಾಗ ಅಜ್ಜಿ ಕಲಿಸಲು ಕೂತವಳು ಎರಡು ನುಡಿ ಆದ ಮೇಲೆ ಎದ್ದುಬಿಟ್ಟಳು. "ಕುಂತ್ಕಂಡು ಹಾಡೊ ಪದ ಅಲ್ಲ ಕಣ್ ಮೊಗ ಇದು. ನಡ್ಕಂಡು ಹಾಡೊ ಪದ" ಅಂದಳು. ಪಿಎಚ್.ಡಿ.ಗೆಂದು ಛಂದಸ್ಸಿನ ಪುಸ್ತಕಗಳನ್ನು ಹರವಿಕೊಂಡು ಕೂತಾಗ ಅಜ್ಜಿಯ ಈ ಒಂದು ಮಾತು ಕೊಟ್ಟಷ್ಟು ಬೆಳಕನ್ನು ಆ ಪುಸ್ತಕಗಳು ಕೊಡಲಿಲ್ಲ.

ಹಾಡಿನ ಕಟ್ಟಡವನ್ನೇ ನೋಡಿ. ಪೂರ್ತಿ ತ್ರಿಪದಿ ಎನ್ನಲಾರೆ, ಆದರೆ ತ್ರಿಪದಿಯ ನೆರಳು ಪ್ರತಿ ನುಡಿಯ ಮೇಲೂ ಬಿದ್ದಿದೆ. ಎರಡು ಚಿಕ್ಕ ಸಾಲು, ಆಮೇಲೆ ಒಂದು ಉದ್ದ ಸಾಲು. ಆ ಉದ್ದ ಸಾಲಿನ ಬೆನ್ನಿಗೆ ಮಾದೇವನನ್ನು ಕರೆಯುವ ಒಂದು ತುಂಡು ಸೇರಿಕೊಳ್ಳುತ್ತದೆ. ಅರ್ಥ ಇನ್ನೂ ಮುಗಿದಿರುವುದಿಲ್ಲ. ಕರೆದ ಮೇಲೆಯೇ ಅದು ಮುಗಿಯುವುದು. ಹಾಳೆಯ ಮೇಲೆ ಇದು ಅನವಶ್ಯಕ ಪುನರುಕ್ತಿಯಂತೆ ಕಾಣುತ್ತದೆ. ತಾಳುಬೆಟ್ಟದಿಂದ ಮೇಲಕ್ಕೆ ಹತ್ತಿದವರಿಗೆ ಮಾತ್ರ ಅದು ಏನೆಂದು ತಿಳಿಯುತ್ತದೆ. ಅದು ಉಸಿರು ತೆಗೆದುಕೊಳ್ಳುವ ಜಾಗ. ಗುಂಪಿನಲ್ಲಿ ಒಬ್ಬರು ಸಾಲು ಎತ್ತುತ್ತಾರೆ, ಕರೆಯುವ ತುಂಡು ಬಂದಾಗ ಉಳಿದವರೆಲ್ಲ ಸೇರಿಕೊಳ್ಳುತ್ತಾರೆ, ಅಷ್ಟರಲ್ಲಿ ಎತ್ತಿದವರಿಗೆ ಒಂದು ಉಸಿರು ಸಿಕ್ಕಿರುತ್ತದೆ. ದೇವರ ಹೆಸರೂ ಏದುಸಿರೂ ಒಂದೇ ಜಾಗದಲ್ಲಿ ಬೀಳುವಂತೆ ಈ ಪದ ಕಟ್ಟಿದವರು ಕಾಲಿನಿಂದ ಕಟ್ಟಿದ್ದಾರೆ.

ಇನ್ನು ಪ್ರಾಸ. ಪ್ರತಿ ನುಡಿಯಲ್ಲೂ ಎರಡನೆಯ ಅಕ್ಷರ ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಒಂದು ನುಡಿ 'ಬೆಟ್ಟ'ವನ್ನೂ 'ಹಟ್ಟಿ'ಯನ್ನೂ ಜೊತೆಗಿಡುತ್ತದೆ, ಇನ್ನೊಂದು 'ಉಚ್ಚೆಳ್ಳ'ನ್ನೂ 'ಹೆಚ್ಚ'ನ್ನೂ. ನಮ್ಮ ಪಠ್ಯಪುಸ್ತಕಗಳು ಪ್ರಾಸವನ್ನು ಒಡವೆಯ ಹಾಗೆ ಹೇಳಿಕೊಡುತ್ತವೆ. ಇಲ್ಲಿ ಪ್ರಾಸವೇ ಯೋಚನೆ ಮಾಡುತ್ತಿದೆ. ಹೋಗಬೇಕಾದ ಬೆಟ್ಟವನ್ನೂ ಬಿಟ್ಟು ಬಂದ ಹಟ್ಟಿಯನ್ನೂ ಒಂದೇ ಸದ್ದಿನಲ್ಲಿ ಕಟ್ಟಿಹಾಕಿದ ಮೇಲೆ, ಅವೆರಡರ ನಡುವೆ ಎಳೆದಾಟವಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಮೊದಲ ನುಡಿಗಳು ಹೂವಿನ ಪಟ್ಟಿ. ಸೂಜಿಮಲ್ಲಿಗೆ ಸಣ್ಣಗೆ ಮೊನಚಾದ ಮೊಗ್ಗಿನದು, ದುಂಡುಮಲ್ಲಿಗೆ ಹೆಸರೇ ಹೇಳುವ ಹಾಗೆ ಗುಂಡಗಿನದು. ಮಾದೇವನ ತಲೆಯ ಮೇಲೆ ಎರಡೂ ಒಟ್ಟಿಗೇ ಕೂರುತ್ತವೆ. ತಾವರೆ ಬರುತ್ತದೆ, ಬಿಲ್ವಪತ್ರೆ ಬರುತ್ತದೆ, ಅದರ ಪಕ್ಕಕ್ಕೇ ತುಳಸಿಯೂ ಬರುತ್ತದೆ. ತುಳಸಿ ವಿಷ್ಣುವಿಗೆ, ಬಿಲ್ವ ಶಿವನಿಗೆ ಎಂದು ಹಂಚಿದವರ ಲೆಕ್ಕ ಈ ಹಾಡಿಗೆ ತಾಗಿಯೇ ಇಲ್ಲ. ಅದನ್ನು ಮೀರುತ್ತೇನೆ ಎಂಬ ಹಮ್ಮೂ ಅದಕ್ಕಿಲ್ಲ. ಹಿತ್ತಲಲ್ಲಿ ಇದ್ದದ್ದನ್ನೆಲ್ಲ ಕಿತ್ತು ತಂದವರ ಮಡಿಲು ಅದು. ಈ ಪಟ್ಟಿಯ ಬಗ್ಗೆ ಇಷ್ಟೇ ಸಾಕು. ಹಾಡಿನ ಜೀವ ಇರುವುದು ಮುಂದೆ.

ಮುಂದಿನ ನುಡಿಯಲ್ಲಿ ಹಾಡುವವರು ತಾವು ಮಾಡಿ ಬಂದ ಕೆಲಸಗಳನ್ನು ಒಪ್ಪಿಸುತ್ತಾರೆ. ಪಾತ್ರೆ ಬೆಳಗಿದ್ದಾಯಿತು, ತುಪ್ಪ ಕಾಯಿಸಿದ್ದಾಯಿತು, ಹಣ್ಣು ತಂದದ್ದಾಯಿತು. ಕ್ರಿಯಾಪದಗಳ ಕೊನೆ ನಮ್ಮ ಕಡೆಯ ಆಡುಮಾತಿನದು, ಉತ್ತಮಪುರುಷದ್ದು. ಕನ್ನಡದಲ್ಲಿ 'ನಾನು' ಎಂದರೆ ಹೆಣ್ಣೋ ಗಂಡೋ ಗೊತ್ತಾಗುವುದಿಲ್ಲ. ಆದರೆ ಹೊರಡುವ ಮುಂಚೆ ತಪ್ಪಲೆ ಬೆಳಗಿ, ತುಪ್ಪ ಕಾಯಿಸಿ ಬಂದವರು ಯಾರಿರಬಹುದು? ಮಾದೇಶ್ವರನ ಕಥೆ ಹಾಡುವ ಪರಂಪರೆ, ಹೊರಗೆ ಕಾಣುವ ಮಟ್ಟಿಗೆ, ಗಂಡಸರದು. ದೀಕ್ಷೆ ಪಡೆದ ದೇವರಗುಡ್ಡರು, ಕೈಯಲ್ಲಿ ಕಂಚಿನ ಕಂಸಾಳೆ ಹಿಡಿದು ಬೀಸುವವರು, ರಾತ್ರಿಯಿಡೀ ಸಾಲುಗಳ ಮೇಲೆ ಸಾಲು ಹಾಡುವವರು ಎಲ್ಲರೂ ಗಂಡಸರು. ಕ್ಯಾಸೆಟ್ಟಿನ ಕಾಲದಲ್ಲೂ ನಾನು ಹೆಚ್ಚಾಗಿ ಕೇಳಿದ್ದು ಗಂಡು ದನಿಗಳನ್ನೇ. ಆದರೆ ಈ ಹಾಡಿನ ಒಳಗಿರುವ ಕೈ ಅಡುಗೆಮನೆಯ ಕೈ. ನನ್ನ ಊಹೆ ಏನೆಂದರೆ, ಇದು ಪರಸೆ ಹೊರಟ ಹೆಂಗಸರ ಬಾಯಲ್ಲಿ ಬೆಳೆದ ಪದ. ಕಂಸಾಳೆಗೆ ಬಂದದ್ದು ಆಮೇಲೆ. ಇದಕ್ಕೆ ದಾಖಲೆ ತೋರಿಸು ಎಂದರೆ ಆ ತಪ್ಪಲೆಯನ್ನೇ ತೋರಿಸಬೇಕು.

ಮಾದೇಶ್ವರ ಕಾವ್ಯವನ್ನು ಓದಿದವರಿಗೆ ಇಲ್ಲಿ ಸಂಕಮ್ಮನ ಸಾಲು ನೆನಪಾಗದೆ ಇರದು. ಗಂಡ ನೀಲೇಗೌಡ ಕಾಡಿಗೆ ಹೊರಡುವಾಗ ಹೆಂಡತಿಯ ಶೀಲದ ಮೇಲೆ ಭಾಷೆ ಕೇಳುತ್ತಾನೆ. ಅವಳು ಕೊಡುವುದಿಲ್ಲ. ಅವನು ಹಿಂಸೆ ಕೊಡುತ್ತಾನೆ, ಮಾಟ ಮಾಡಿ ಅವಳನ್ನು ಕಾಡಿನ ಗುಡಿಸಲಲ್ಲಿ ದಿಗ್ಬಂಧನದಲ್ಲಿಟ್ಟು ಹೋಗುತ್ತಾನೆ. ಆಗ ಮಾದಪ್ಪ ಅವಳಿದ್ದಲ್ಲಿಗೆ ಬರುತ್ತಾನೆ, ಮಕ್ಕಳ ಫಲ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಅಂದರೆ ಹೊರಗೆ ಬರಲಾರದ ಹೆಣ್ಣಿನ ಬಳಿಗೆ ದೇವರೇ ಹೋಗಬೇಕಾದ ಕಥೆ ಅದು. ನಮ್ಮ ಈ ಪುಟ್ಟ ಹಾಡು ಅದನ್ನು ಮಗುಚಿ ಹಾಕಿದ ಹಾಗಿದೆ. ಇಲ್ಲಿ ಹೆಣ್ಣು ಪಾತ್ರೆ ಬೆಳಗಿಟ್ಟು ಹೊಸಿಲು ದಾಟಿದ್ದಾಳೆ, ದೇವರ ಬಳಿಗೆ ತಾನೇ ನಡೆಯುತ್ತಿದ್ದಾಳೆ. ಒಂದೇ ದೇವರ ಸುತ್ತ ಈ ಎರಡೂ ಹಾಡುಗಳಿವೆ ಎಂಬುದು ಸಣ್ಣ ಸಂಗತಿಯಲ್ಲ. ದೀಪಾವಳಿಯ ಹಾಲರವಿ ಉತ್ಸವದಲ್ಲಿ ಬೇಡಗಂಪಣ ಸಮುದಾಯದ 101 ಹೆಣ್ಣುಮಕ್ಕಳು ಹಾಲಹಳ್ಳದಿಂದ ನೀರು ಹೊತ್ತು ತರುತ್ತಾರೆ. ಆ ಬೆಟ್ಟದ ಆರಾಧನೆಯ ನಡುವಿನಲ್ಲೇ ಹೆಣ್ಣುಮಕ್ಕಳ ನಡಿಗೆಯೊಂದಿದೆ. ಹಾಡಿನ ಚರಿತ್ರೆ ಬರೆಯುವಾಗ ಮಾತ್ರ ಅದನ್ನು ಮರೆಯುತ್ತೇವೆ.

ಹಾಗಾಗಿಯೇ, ಬೆಟ್ಟಕ್ಕೆ ಹೋಗುವವರಿಗೆ ಹಟ್ಟಿಯ ಹಂಬಲ ಯಾಕೆ ಎಂದು ಕೇಳುವ ನುಡಿ ನನಗೆ ಭಕ್ತಿಯ ಸರಳ ಮಾತಾಗಿ ಕೇಳುವುದಿಲ್ಲ. ಹಂಬಲ ಇಲ್ಲದವರಿಗೆ ಈ ಪ್ರಶ್ನೆ ಬೇಕಾಗುವುದಿಲ್ಲ. ಕೊಟ್ಟಿಗೆಯಲ್ಲಿ ಕರೆಯುವ ಎಮ್ಮೆ, ಮೈ ಬಿಸಿ ಮಾಡಿಕೊಂಡಿರುವ ಮಗು, ಕುಡಿದು ಬರುವ ಗಂಡ, ಇವೆಲ್ಲ ತಲೆಯಲ್ಲಿರುವಾಗ ತನಗೆ ತಾನೇ ಹೇಳಿಕೊಳ್ಳುವ ಮಾತು ಅದು. ಮರೆತಾರು ಎನ್ನುವುದು ಆಗಿಹೋದ ಸಂಗತಿಯಲ್ಲ, ಆಗಬಹುದಾದದ್ದು. ಹಾಡು ಮರೆವನ್ನು ಮಾತು ಕೊಡುತ್ತಿದೆ ಅಷ್ಟೆ.

ಒಡೆಯರಪಾಳ್ಯದಲ್ಲಿ ಬೆಳೆದವರಿಗೆ ಈ ನುಡಿ ಇನ್ನೊಂದು ರೀತಿಯಲ್ಲೂ ಕೇಳುತ್ತದೆ. 1970ರ ದಶಕದಲ್ಲಿ ಅಲ್ಲಿ ಟಿಬೆಟಿಯನ್ನರ ಪುನರ್ವಸತಿ ಆಯಿತು, ಧೋಂಡೆನ್‌ಲಿಂಗ್ ಎಂದು ಅದರ ಹೆಸರು. ನಮ್ಮ ಬಾಯಲ್ಲಿ ಅದು 'ಟಿಬೆಟ್ ಕ್ಯಾಂಪು'. ಜೋಗ್‌ಚೆನ್ ವಿಹಾರದ ಕೊಂಬಿನ ದನಿಯೂ ಮಾದಪ್ಪನ ಕ್ಯಾಸೆಟ್ಟೂ ಒಂದೇ ಗಾಳಿಯಲ್ಲಿ ಕೇಳಿಸುತ್ತಿದ್ದ ಊರು ನಮ್ಮದು. ಕ್ಯಾಂಪಿನಲ್ಲಿ ನನಗೊಬ್ಬ ಗೆಳತಿ ಇದ್ದಳು. ಮುಸುಕಿನ ಜೋಳದ ಹೊಲದಲ್ಲಿ ನಮ್ಮಷ್ಟೇ ಸಲೀಸಾಗಿ ಕನ್ನಡ ಬೈಗುಳ ಬಯ್ಯುತ್ತಿದ್ದವಳು. ಒಮ್ಮೆ ಈ ನುಡಿಯ ಅರ್ಥ ಕೇಳಿದಳು, ಹೇಳಿದೆ. "ನಮ್ಮಜ್ಜಿಗೆ ಇದನ್ನ ಹೇಳ್ಬೇಡ" ಅಂದಳು. ಅವಳ ಅಜ್ಜಿ ಬೆಟ್ಟ ದಾಟಿಯೇ ಬಂದವರು, ಹಟ್ಟಿಯ ಹಂಬಲವನ್ನು ಮರೆಯದವರು. ಪರಸೆಗೆ ಹೋದವರು ಹಟ್ಟಿಯನ್ನು ಮರೆಯಬಹುದಾದದ್ದು ನಾಲ್ಕು ದಿನಕ್ಕೆ ತಿರುಗಿ ಹೋದರೆ ಹಟ್ಟಿ ಅಲ್ಲೇ ಇರುತ್ತದೆ ಎಂಬ ಧೈರ್ಯದಿಂದ. ಹಾಡು ಈ ಧೈರ್ಯವನ್ನು ಎಲ್ಲೂ ಹೇಳುವುದಿಲ್ಲ, ಆದರೆ ಅದರ ಮೇಲೆಯೇ ನಿಂತಿದೆ.

ಆ ದಾರಿಗೆ ಧೈರ್ಯ ಕಡಿಮೆಯಿದ್ದ ಕಾಲವೂ ಇತ್ತು. ವೀರಪ್ಪನ್ ಹುಟ್ಟಿದ ಗೋಪಿನಾಥಂ ಈ ಬೆಟ್ಟದ ಆಚೆ ಮಗ್ಗುಲಿನಲ್ಲಿದೆ. 1993ರ ಏಪ್ರಿಲ್‌ನಲ್ಲಿ ಪಾಲಾರ್ ಬಳಿ ನೆಲಬಾಂಬು ಸಿಡಿಯಿತು. ಕಾರ್ಯಪಡೆ ಬೆಟ್ಟದಲ್ಲೇ ಬಿಡಾರ ಹೂಡಿತು, ಸುತ್ತಲ ಹಳ್ಳಿಗಳ ಜನ ವಿಚಾರಣೆಗೆ ಹೋಗಿ ಅನುಭವಿಸಿದ್ದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಹೇಳಿಕೊಂಡರು. ಆ ವರ್ಷಗಳಲ್ಲೂ ಪರಸೆ ನಿಲ್ಲಲಿಲ್ಲ ಎಂದು ನಮ್ಮ ಮನೆಯ ಹಿರಿಯರು ಹೇಳುತ್ತಾರೆ, ಹಾಡೂ ನಿಲ್ಲಲಿಲ್ಲ. ಕಾಡಿನಲ್ಲಿ ದನಿಯೆತ್ತಿ ಹಾಡುತ್ತಾ ನಡೆಯುವವರು ಪರಸೆಯವರು, ಸದ್ದಿಲ್ಲದೆ ನಡೆಯುವವರ ಮೇಲೆ ಅನುಮಾನ. ಹಿತವಾದ ಹಾಡೊಂದು ಗುರುತಿನ ಚೀಟಿಯೂ ಆಗಿತ್ತು.

ಈಗ ಉಚ್ಚೆಳ್ಳಿನ ನುಡಿಗೆ ಬರುತ್ತೇನೆ. ನನ್ನ ಪ್ರಕಾರ ಇದು ಕನ್ನಡ ಜನಪದ ಕಾವ್ಯದ ಬಹಳ ಒಳ್ಳೆಯ ಉಪಮೆಗಳಲ್ಲಿ ಒಂದು. ಬೆಟ್ಟಕ್ಕೆ ಬಂದ ಜನರನ್ನು ಉಚ್ಚೆಳ್ಳು ಹೂವಿಗೆ ಹೋಲಿಸಿ, ಆ ಹೆಚ್ಚಳವನ್ನು ಕೌದಳ್ಳಿಯ ಕಣಿವೆಯಲ್ಲಿ ನಿಂತು ನೋಡುತ್ತದೆ ಹಾಡು. ಪೇಟೆಯ ಕೇಳುಗರಿಗೆ ಉಚ್ಚೆಳ್ಳು ಎಂದರೆ ಚಟ್ನಿಪುಡಿ. ನಮ್ಮ ಕಡೆ ಅದು ರಾಗಿ ಹೊಲದ ಅಕ್ಕಡಿ ಸಾಲು. ರಾಗಿ ಮಧ್ಯೆ ಅಲ್ಲೊಂದು ಇಲ್ಲೊಂದು ಸಾಲಿನಲ್ಲಿ ಹಾಕಿರುತ್ತಾರೆ, ಅದರ ಕಡೆ ಯಾರೂ ಗಮನ ಕೊಟ್ಟಿರುವುದಿಲ್ಲ. ಮಳೆ ಹಿಂದೆಗೆದು ದೀಪಾವಳಿ ಹತ್ತಿರ ಬಂದಾಗ ಒಂದು ಬೆಳಗ್ಗೆ ಎದ್ದು ನೋಡಿದರೆ ಹೊಲವೆಲ್ಲ ಹಳದಿ. ಒಂದು ಹೂವನ್ನು ಕಿತ್ತು ನೋಡಿದರೆ ಏನೂ ಇಲ್ಲ, ಪರಿಮಳವಿಲ್ಲ, ದುಂಡುಮಲ್ಲಿಗೆಯ ಮೈಯಿಲ್ಲ. ಒಟ್ಟಾಗಿ ಅರಳಿದರೆ ಮಾತ್ರ ಕಣ್ಣಿಗೆ ಬೀಳುವ ಹೂವು ಅದು. ದೀಪಾವಳಿಯ ಜಾತ್ರೆಗೆ ನಡೆಯುವವರ ಎರಡೂ ಬದಿಗೆ ಇದೇ ಹೂವು ಇರುತ್ತಿದ್ದ ಕಾಲ ಅದು. ಉಪಮೆ ಹುಡುಕಲು ಅವರು ತಲೆ ತಿರುಗಿಸಿದರೆ ಸಾಕಾಗಿತ್ತು.

ಇನ್ನೂ ಒಂದು ವಿಷಯ. ಮೊದಲ ನುಡಿಗಳ ಹೂವಿನ ಪಟ್ಟಿಯಲ್ಲಿ ಉಚ್ಚೆಳ್ಳು ಇಲ್ಲ. ದೇವರ ಮುಡಿಗೆ ಏರಿದ್ದು ಮಲ್ಲಿಗೆ, ತಾವರೆ. ಕೊನೆಯಲ್ಲಿ ಬಂದ ಈ ಹೂವು ಮುಡಿಗೆ ಏರುವುದಿಲ್ಲ, ಕಣಿವೆಯಲ್ಲಿ ನಿಂತಿರುತ್ತದೆ. ದೇವರ ತಲೆಯಿಂದ ಶುರುವಾದ ಹಾಡು ಹೀಗೆ ಜನರ ಕಾಲ ಬಳಿಗೆ ಇಳಿಯುತ್ತದೆ. ನಾನು ಕೇಳಿದ ಪಾಠಗಳಲ್ಲಿ ಸಂಬೋಧನೆಯೂ ಇದರ ಜೊತೆಗೇ ಬದಲಾಗುತ್ತದೆ. ಶುರುವಿನಲ್ಲಿ 'ನಿಮ್ಮ' ಎಂದು ಮರ್ಯಾದೆಯಿಂದ ಕರೆದವರು, ಜನ ತುಂಬಿದ ಈ ನುಡಿಗೆ ಬರುವಾಗ 'ನಿನ್ನ' ಎನ್ನುತ್ತಾರೆ. ನಡೆದು ನಡೆದು ಸಲಿಗೆ ಬಂದಿದೆ. ಜನ ಹೆಚ್ಚಾದದ್ದರಿಂದ ದೇವರು ಹೆಚ್ಚಾದನೇ, ದೇವರು ಹೆಚ್ಚಾದ್ದರಿಂದ ಜನವೇ? ಹಾಡು ಎರಡನ್ನೂ ಒಂದೇ ಕ್ರಿಯಾಪದದಲ್ಲಿ ಸುತ್ತಿ ಸುಮ್ಮನಾಗುತ್ತದೆ.

ಇನ್ನು ಹಾಡಿದವರ ವಿಚಾರ. ನಾಡಿನುದ್ದಕ್ಕೂ, ನಾಡಿನ ಆಚೆಗೂ ಈ ಹಾಡನ್ನು ಕೊಂಡೊಯ್ದ ದನಿ ಅನನ್ಯಾ ಭಟ್ ಅವರದು, ಕೊಯಮತ್ತೂರಿನ ಈಶ ಕೇಂದ್ರದ ಮಹಾಶಿವರಾತ್ರಿ ವೇದಿಕೆಯಿಂದ. (ನಮ್ಮ ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಹಾಗೆ ನೋಡಿದರೆ ಹಾಡು ಹಳೆಯ ಜಿಲ್ಲಾ ಕೇಂದ್ರಕ್ಕೆ ಹೋಗಿ ಬಂದಿದೆ.) ಅದನ್ನು ಮೊದಲ ಸಲ ಮೈಸೂರಿನ ಹಾಸ್ಟೆಲಿನಲ್ಲಿ ಫೋನಿನಲ್ಲಿ ಕೇಳಿದಾಗ ಇಬ್ಬರು ಮೂವರು ಗೆಳತಿಯರು ಸುತ್ತ ಸೇರಿದರು, ನಾನು ಹೊರಗೆ ಹೋಗಿ ಇನ್ನೊಮ್ಮೆ ಒಬ್ಬಳೇ ಕೇಳಿದೆ. ಅಷ್ಟು ಇಷ್ಟವಾಗಿತ್ತು. ಅವರ ದನಿಗೆ ಕೆಳಗಿನ ಸ್ಥಾಯಿಯಲ್ಲಿ ಒಂದು ಮಣ್ಣಿನ ಭಾರವಿದೆ, ಮೇಲೆ ಹೋದಾಗಲೂ ಅದು ತೆಳುವಾಗುವುದಿಲ್ಲ. ಉಚ್ಚಾರವನ್ನು ಅವರು ತಿದ್ದಲು ಹೋಗಲಿಲ್ಲ, ನಮ್ಮ ಕಡೆಯ ಮಾತಿನ ಕೊನೆಗಳನ್ನು ಹಾಗೇ ಉಳಿಸಿಕೊಂಡರು. ಸುಗಮ ಸಂಗೀತದ ವೇದಿಕೆಗಳಲ್ಲಿ ಜನಪದ ಹಾಡುಗಳಿಗೆ ಆಗುವ 'ಶುದ್ಧೀಕರಣ'ವನ್ನು ಕಂಡವರಿಗೆ ಇದು ಎಷ್ಟು ದೊಡ್ಡದೆಂದು ಗೊತ್ತು.

ಆದರೆ ನಡಿಗೆ? ಅಜ್ಜಿಯ ಹಾಡಿನಲ್ಲಿ ಉಸಿರು ತೆಗೆದುಕೊಳ್ಳಲೆಂದು ಇದ್ದ ತುಂಡು ಇಲ್ಲಿ ದೀರ್ಘವಾಗಿ ಎಳೆದ ಸ್ವರವಾಗಿದೆ. ಹಾಡುಗಾರ್ತಿ ಒಬ್ಬಳೇ, ಎತ್ತುವವಳೂ ಅವಳೇ, ಸೇರಿಕೊಳ್ಳುವವಳೂ ಅವಳೇ. ವಾದ್ಯಗಳು ಬೆಳೆಯುತ್ತಾ ಹೋಗುತ್ತವೆ, ಜನ ತೂಗುತ್ತಾರೆ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ವೇದಿಕೆಗೆ ಬಂದ ಪದ ವೇದಿಕೆಯ ಧರ್ಮಕ್ಕೆ ಒಗ್ಗಲೇಬೇಕು, ಅನನ್ಯಾ ಅದನ್ನು ಮರ್ಯಾದೆಯಿಂದಲೇ ಒಗ್ಗಿಸಿದ್ದಾರೆ. ಬದಲಾದದ್ದು ಅರ್ಥ. ದಾರಿಯ ಹಾಡು ಧ್ಯಾನದ ಹಾಡಾಯಿತು. ಧ್ಯಾನದಲ್ಲಿ ಹಟ್ಟಿಯ ಹಂಬಲ ಸುಲಭವಾಗಿ ಕರಗಿಹೋಗುತ್ತದೆ. ನಡಿಗೆಯಲ್ಲಿ ಅಷ್ಟು ಸುಲಭವಲ್ಲ.

2021ರಲ್ಲಿ ಬಂದ ರಾಜ್ ಬಿ. ಶೆಟ್ಟಿ ಅವರ 'ಗರುಡ ಗಮನ ವೃಷಭ ವಾಹನ' ಚಿತ್ರ ಇದೇ ಹಾಡನ್ನು ಚೈತ್ರಾ ಆಚಾರ್ ದನಿಯಲ್ಲಿ, ಮಿಧುನ್ ಮುಕುಂದನ್ ಸಂಗೀತದಲ್ಲಿ ಬಳಸಿಕೊಂಡಿತು. ಮಂಗಳೂರಿನ ಕೊಲೆ, ಸೇಡು, ಗೆಳೆತನಗಳ ಕಥೆ. ನಾಯಕರ ಹೆಸರು ಹರಿ ಮತ್ತು ಶಿವ. ಭಕ್ತಿಯ ಹಾಡನ್ನು ರಕ್ತದ ಕಥೆಗೆ ತಂದರೆಂದು ನಮ್ಮೂರಿನ ಕೆಲವರಿಗೆ ಬೇಸರವಾಯಿತು. ನನಗೆ ಹಾಗನ್ನಿಸಲಿಲ್ಲ. ಮಾದೇಶ್ವರ ಬರೀ ಹೂ ಮುಡಿದವನಲ್ಲ, ಶ್ರವಣ ದೊರೆಯನ್ನು ಮುಗಿಸಿದವನು. ಒಕ್ಕಲಾಗದವರನ್ನು ಕಾಡಿ ಒಕ್ಕಲು ಮಾಡಿಕೊಂಡವನು. ಕಾವ್ಯದಲ್ಲಿ ಅವನ ಪವಾಡಕ್ಕೂ ಸಿಟ್ಟಿಗೂ ನಡುವೆ ಬಹಳ ದೂರವಿಲ್ಲ. ಚೈತ್ರಾ ಅವರ ದನಿ ತೆಳು, ಒಳಗೊಳಗೇ ಹಾಡಿಕೊಂಡ ಹಾಗಿದೆ. ಆ ಮೃದುತನ ಮತ್ತು ಚಿತ್ರದ ಕ್ರೌರ್ಯ ಒಂದಕ್ಕೊಂದು ಉಜ್ಜಿದಾಗ, ಹಿತವೆಂದು ಕಣ್ಣು ಮುಚ್ಚಿದವರು ಕಣ್ಣು ತೆರೆಯಬೇಕಾಗುತ್ತದೆ. ಹಾಡಿನ ಒಳಗಿದ್ದ ಕಾಡನ್ನು, ಹಾಡಿನ ಮಾತುಗಳನ್ನು ಮುಟ್ಟದೆಯೇ ಚಿತ್ರ ಹೊರಗೆ ತಂದಿತು ಎಂದು ನನಗನ್ನಿಸುತ್ತದೆ. ಸಿಕ್ಕ ಮರುವರ್ಷವೇ ಇದನ್ನು ಸಾಬೂನಿನ ಜಾಹೀರಾತಿನ ಧಾಟಿಯಲ್ಲಿ ಹಾಡುವವರು ಹುಟ್ಟಿಕೊಂಡರು, ಅದು ಬೇರೆ ಮಾತು.

ಇಷ್ಟೆಲ್ಲ ಆವೃತ್ತಿಗಳ ಕೆಳಗೆ 'ಸಾಹಿತ್ಯ: ಜನಪದ' ಎಂಬ ಒಂದು ಸಾಲು ಇರುತ್ತದೆ. ಯಾರ ಹೆಸರೂ ಹಾಕಲು ಆಗದು ಎಂಬುದು ನಿಜವೇ. ಆದರೆ ಊರಿನ ಹೆಸರು ಹಾಕಬಹುದು, ಮಾದೇಶ್ವರ ಬೆಟ್ಟದ ಪರಸೆಯ ಪದ ಎಂದು ಬರೆಯಬಹುದು. ಕೌದಳ್ಳಿ ಎಂದರೇನು, ಅದು ದೇವರ ಇನ್ನೊಂದು ಹೆಸರೇ ಎಂದು ವಿಶ್ವವಿದ್ಯಾಲಯದಲ್ಲೇ ಒಬ್ಬರು ನನ್ನನ್ನು ಕೇಳಿದ್ದಾರೆ. ವಿದ್ವಾಂಸರ ಪಾಲೂ ಇದರಲ್ಲಿ ಇದೆ. ಪಿ.ಕೆ. ರಾಜಶೇಖರ, ಜೀ.ಶಂ. ಪರಮಶಿವಯ್ಯ ಅವರಂಥವರು ಈ ಸೀಮೆಯ ಹಾಡುಗಳಿಗಾಗಿ ಸವೆಸಿದ ಚಪ್ಪಲಿಯ ಋಣ ನನ್ನಂಥವರ ಮೇಲಿದೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿ, ಕೇಶವನ್ ಪ್ರಸಾದ್ ಸಂಗ್ರಹಿಸಿದ ಮಾದೇಶ್ವರ ಕಾವ್ಯವನ್ನು ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಇಂಗ್ಲಿಷಿಗೆ ತಂದರು. 2001ರಲ್ಲಿ ಸಾಹಿತ್ಯ ಅಕಾಡೆಮಿ ಅದನ್ನು ಪ್ರಕಟಿಸಿತು. ಹಾಡಿದವರ ಹೆಸರು ಪುಸ್ತಕದ ಮೇಲೆಯೇ ಇದೆ, ಒಳ್ಳೆಯ ಮಾದರಿ ಅದು. ಆದರೆ ನಮ್ಮ ಗಮನವೆಲ್ಲ 'ಮಹಾಕಾವ್ಯ'ದ ಕಡೆ ಹೋಯಿತು. ಸಾವಿರಾರು ಸಾಲು ಇದ್ದರೆ ಮಹತ್ವ, ಐದು ನುಡಿಯಿದ್ದರೆ ಮನರಂಜನೆ ಎಂಬಂತಾಯಿತು. ಬಿಡಿ ಪದಗಳನ್ನು ಕ್ಯಾಸೆಟ್ಟಿಗೂ ಸಿನಿಮಾಕ್ಕೂ ಬಿಟ್ಟುಕೊಟ್ಟು ಕೂತೆವು. ಹೆಂಗಸರು ಹಾಡಿದ್ದು ಹೆಚ್ಚಾಗಿ ಈ ಬಿಡಿ ಪದಗಳನ್ನೇ ಎಂಬುದನ್ನು ಇಲ್ಲಿ ನೆನೆಯಬೇಕು.

ಕ್ಷೇತ್ರಕಾರ್ಯಕ್ಕೆಂದು ಹೋದ ವರ್ಷದ ದೀಪಾವಳಿಗೆ ಹನೂರಿನಿಂದ ಮುಂದಕ್ಕೆ ಪರಸೆಯ ಜೊತೆ ನಡೆದೆ. ಅಕ್ಕಪಕ್ಕ ಈಗ ಹೆಚ್ಚ ಪಾಲು ಮುಸುಕಿನ ಜೋಳ. ಉಚ್ಚೆಳ್ಳು ಕಂಡದ್ದು ಎರಡೇ ಹೊಲದಲ್ಲಿ. ಕೌದಳ್ಳಿ ದಾಟಿದ ಮೇಲೆ ನಮ್ಮ ಹಿಂದೆ ಏಳೆಂಟು ಹುಡುಗಿಯರ ಗುಂಪೊಂದು ಬಂತು. ಗಾರ್ಮೆಂಟ್ಸ್ ಕೆಲಸದವರು, ರಜೆ ಹಾಕಿ ಬಂದಿದ್ದರು. ಒಬ್ಬಳು ಈ ಹಾಡನ್ನು ಎತ್ತಿದಳು. ರಾಗ ಅನನ್ಯಾ ಭಟ್ ಅವರದೇ, ಫೋನಿನಿಂದಲೇ ಕಲಿತದ್ದೆಂದು ಆಮೇಲೆ ಅವಳೇ ಹೇಳಿದಳು. ಸಮತಟ್ಟಾದ ದಾರಿಯಲ್ಲಿ ಎಳೆದಳು, ಚೆನ್ನಾಗಿಯೇ ಎಳೆದಳು. ಏರು ಶುರುವಾದ ಮೇಲೆ ಉದ್ದ ಸ್ವರಕ್ಕೆ ಉಸಿರು ಸಾಲದಾಯಿತು, ಮಾದೇವನನ್ನು ಕರೆಯುವ ಜಾಗದಲ್ಲಿ ಕತ್ತರಿಸಿದಳು. ಉಳಿದವರು ಅಲ್ಲಿಂದ ಎತ್ತಿಕೊಂಡರು. ಎರಡು ನುಡಿ ಹೀಗೇ ಹೋಯಿತು, ಮೂರನೆಯದಕ್ಕೆ ಯಾರೂ ಹೇಳದೆ ಎಲ್ಲರೂ ಅದೇ ಜಾಗದಲ್ಲಿ ಸೇರಿಕೊಳ್ಳುತ್ತಿದ್ದರು. ರೆಕಾರ್ಡರ್ ಚಾಲೂ ಮಾಡಿ ನಾನೂ ಅವರ ಹಿಂದೆ ಹೆಜ್ಜೆ ಹಾಕಿದೆ. ಆ ಕಡತದಲ್ಲಿ ಹಾಡಿಗಿಂತ ಹೆಚ್ಚಾಗಿ ಚಪ್ಪಲಿಯ ಸದ್ದೇ ಇದೆ.